ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಕೊನೆಗೆ ಯಾರ ಮಾತು ನಡೆಯುತ್ತೆ?

2026ರ ಜನವರಿ 4ಕ್ಕೆ ಎಲ್ಯಾಂಡ್ ರೋಡ್‌ನಲ್ಲಿ ಲೀಡ್ಸ್ ಜೊತೆ 1-1 ಡ್ರಾ ಆದ್ಮೇಲೆ ಪ್ರೆಸ್ ಮೀಟ್‌ಗೆ ಬಂದ ರೂಬೆನ್ ಅಮೊರಿಮ್, ನಾನಿಲ್ಲಿಗೆ ಬಂದಿದ್ದು ಯುನೈಟೆಡ್‌ನ ಮ್ಯಾನೇಜರ್ ಆಗೋಕೆ, ಕೋಚ್ ಆಗೋಕಲ್ಲ ಅಂದ್ರು. ಮಾರನೇ ದಿನ ಬೆಳಿಗ್ಗೆ ಅವರ ಕೆಲಸ ಹೋಯ್ತು. 14 ತಿಂಗಳ ಹಿಂದೆ ಕ್ಲಬ್ ಅವರಿಗೆ ಕೊಟ್ಟಿದ್ದ ಹುದ್ದೆಯ ಹೆಸರೇ ಹೆಡ್ ಕೋಚ್ ಅಂತಿತ್ತು, ಅಂದ್ರೆ ಟೀಮ್‌ನ ತಯಾರು ಮಾಡಿ ಆಡಿಸೋದಷ್ಟೇ ಅವರ ಕೆಲಸ, ಉಳಿದಿದ್ದು ಮೇಲಿನವರದ್ದು, ಹಾಗಾಗಿ ಕಾಗದದ ಮೇಲೆ ನೋಡಿದ್ರೆ ಕ್ಲಬ್ ಕಡೆನೇ ನ್ಯಾಯ ಅನ್ನಬಹುದು. ಆದ್ರೆ ಟೀಮ್ ಆಗ ಟೇಬಲ್‌ನಲ್ಲಿ ಆರನೇ ಜಾಗದಲ್ಲಿತ್ತು, ಹಿಂದಿನ ಸೀಸನ್ 15ನೇ ಸ್ಥಾನಕ್ಕೆ ಬಿದ್ದಾಗ ಸಹಿಸಿಕೊಂಡವರು ಈಗ ತೆಗೆದ್ರು ಅಂದ್ರೆ ಜಗಳ ಬರೀ ರಿಸಲ್ಟ್ ಬಗ್ಗೆ ಅಲ್ಲ ಅಂತ ಯಾರಿಗಾದ್ರೂ ಗೊತ್ತಾಗುತ್ತೆ.

ಈ ಕ್ಲಬ್ ಬಗ್ಗೆ ಹತ್ತು ಹನ್ನೆರಡು ವರ್ಷದಿಂದ ಎಲ್ಲರೂ ಹೇಳ್ತಿರೋ ಮಾತು ಒಂದೇ, ಪ್ಲೇಯರ್ ಪವರ್ ಜಾಸ್ತಿ ಆಯ್ತು, ಆಟಗಾರರು ಮ್ಯಾನೇಜರ್ ಮಾತು ಕೇಳಲ್ಲ, ಬೇಡ ಅನಿಸಿದ್ರೆ ಕೈಚೆಲ್ಲಿ ಆಡ್ತಾರೆ, ಪೇಪರ್‌ಗೆ ಸುದ್ದಿ ಬಿಡ್ತಾರೆ, ಇನ್‌ಸ್ಟಾಗ್ರಾಮ್‌ನಲ್ಲಿ ಪೋಸ್ಟ್ ಹಾಕ್ತಾರೆ, ಕೊನೆಗೆ ಮ್ಯಾನೇಜರ್ ಮನೆಗೆ ಹೋಗ್ತಾನೆ. ಇದರಲ್ಲಿ ಸ್ವಲ್ಪ ನಿಜ ಇದೆ. ಆದ್ರೆ ಇಲ್ಲಿ ಟೀಮ್ ನಡೆಸಿ ಕೆಲಸ ಕಳ್ಕೊಂಡ ಮೊರಿನ್ಯೋ, ಟೆನ್ ಹಾಗ್, ಅಮೊರಿಮ್ ಮೂರೂ ಜನರ ಕಥೆ ಪಕ್ಕಪಕ್ಕ ಇಟ್ಟು ನೋಡಿದ್ರೆ ನನಗೆ ಕಾಣೋದು ಬೇರೆ. ಡ್ರೆಸಿಂಗ್ ರೂಮ್‌ನಲ್ಲಿ ಯಾರಿಗೆ ಎಷ್ಟು ಪವರ್ ಅನ್ನೋದು ತೀರ್ಮಾನ ಆಗೋದು ಮೇಲೆ ಬೋರ್ಡ್‌ನಲ್ಲಿ. ಇಬ್ಬರಿಗೂ ಹೊಂದದೇ ಹೋದ್ರೆ ನಾವು ಯಾರನ್ನ ಉಳಿಸಿಕೊಳ್ತೀವಿ ಅಂತ ಬೋರ್ಡ್ ಮೊದಲೇ ಹೇಳಿಬಿಟ್ರೆ ಅರ್ಧ ಜಗಳ ಹುಟ್ಟೋದೇ ಇಲ್ಲ. ಯುನೈಟೆಡ್‌ನಲ್ಲಿ ಅದನ್ನ ಹೇಳೋ ಧೈರ್ಯ 2013ರ ನಂತರ ಯಾರೂ ಮಾಡ್ಲಿಲ್ಲ.

2013ರವರೆಗೆ ಮ್ಯಾನೇಜರ್ ಆಗಿದ್ದ ಅಲೆಕ್ಸ್ ಫರ್ಗುಸನ್ ಕಾಲದ ಬಗ್ಗೆ ಮಾತಾಡುವಾಗ ಎಲ್ಲರೂ ಅವರ ಕೋಪದ ಬಗ್ಗೆನೇ ಹೇಳ್ತಾರೆ, ಡ್ರೆಸಿಂಗ್ ರೂಮ್‌ನಲ್ಲಿ ಒದ್ದ ಶೂ ಹೋಗಿ ಬೆಕ್‌ಹ್ಯಾಮ್ ಹುಬ್ಬಿಗೆ ತಾಗಿದ್ದು, ಅದೇ 2003ರ ಬೇಸಿಗೆಯಲ್ಲಿ ಅವನು ರಿಯಲ್ ಮ್ಯಾಡ್ರಿಡ್‌ಗೆ ಹೋಗಿದ್ದು, ಹೀಗೆ. ಕೋಪ ಯಾರಿಗೆ ಬರಲ್ಲ, ಮೊರಿನ್ಯೋಗೆ ಇನ್ನೂ ಜಾಸ್ತಿ ಬರುತ್ತೆ. ಫರ್ಗುಸನ್‌ಗೆ ಇದ್ದಿದ್ದು ಕೋಪದ ಹಿಂದೆ ನಿಲ್ಲೋ ಕ್ಲಬ್. 1995ರ ಒಂದೇ ಬೇಸಿಗೆಯಲ್ಲಿ ಪಾಲ್ ಇನ್ಸ್, ಮಾರ್ಕ್ ಹ್ಯೂಸ್, ಕಾಂಚೆಲ್‌ಸ್ಕಿಸ್ ಮೂರೂ ಜನ ಹೋದ್ರು, ಫ್ಯಾನ್ಸ್ ಬೈದ್ರು, ಬೋರ್ಡ್ ಅಲುಗಾಡಲಿಲ್ಲ, ಮುಂದಿನ ಸೀಸನ್ ಹುಡುಗರನ್ನ ಇಟ್ಕೊಂಡೇ ಲೀಗ್ ಮತ್ತು ಎಫ್‌ಎ ಕಪ್ ಎರಡೂ ಬಂತು. 2001ರಲ್ಲಿ ಯಾಪ್ ಸ್ಟಾಮ್‌ನ ಮಾರಿದ್ದು ತಪ್ಪಾಯ್ತು ಅಂತ ಫರ್ಗುಸನ್ ಅವರೇ ಆಮೇಲೆ ಒಪ್ಪಿಕೊಂಡ್ರು, ಆದ್ರೆ ಆ ತಪ್ಪು ಮಾಡೋ ಅಧಿಕಾರನೂ ಅವರದ್ದೇ ಆಗಿತ್ತು ಅನ್ನೋದು ಮುಖ್ಯ. 2005ರಲ್ಲಿ ಕ್ಯಾಪ್ಟನ್ ರಾಯ್ ಕೀನ್ ಕ್ಲಬ್‌ನ ಸ್ವಂತ ಟಿವಿಯಲ್ಲೇ ತನ್ನ ಟೀಮ್‌ಮೇಟ್‌ಗಳನ್ನ ತರಾಟೆಗೆ ತಗೊಂಡ, ಆ ಸಂದರ್ಶನ ಪ್ರಸಾರನೇ ಆಗ್ಲಿಲ್ಲ, ನವೆಂಬರ್‌ನಲ್ಲಿ ಅವನು ಕ್ಲಬ್ ಬಿಟ್ಟ.

ಹಾಗಂತ ಫರ್ಗುಸನ್ ಎಲ್ಲಾ ಸಲ ಗೆದ್ರು ಅಂತಲೂ ಅಲ್ಲ. 2010ರ ಅಕ್ಟೋಬರ್‌ನಲ್ಲಿ ವೇಯ್ನ್ ರೂನಿ ನಾನು ಹೋಗ್ತೀನಿ ಅಂದ, ಕ್ಲಬ್‌ಗೆ ಮಹತ್ವಾಕಾಂಕ್ಷೆ ಇಲ್ಲ ಅಂತ ಬಹಿರಂಗವಾಗೇ ಹೇಳಿದ, ಎರಡೇ ದಿನಕ್ಕೆ ಐದು ವರ್ಷದ ಹೊಸ ಕಾಂಟ್ರಾಕ್ಟ್‌ಗೆ ಸಹಿ ಹಾಕಿದ. ಪ್ಲೇಯರ್ ಪವರ್ ಅಂದ್ರೆ ಇದೇ. ಆದ್ರೆ ಅದಾದ್ಮೇಲೆ ನಡೆದಿದ್ದು ನೋಡಿ, ರೂನಿಗೆ ಸಿಗೋ ಸಂಬಳ ತನ್ನದರ ದುಪ್ಪಟ್ಟು ಅಂತ ಗೊತ್ತಾದಾಗ ಫರ್ಗುಸನ್ ಮಾಲೀಕರಾದ ಗ್ಲೇಜರ್‌ಗಳ ಹತ್ರ ಮಾತಾಡಿದ್ರಂತೆ, ಯಾವ ಆಟಗಾರನೂ ಮ್ಯಾನೇಜರ್‌ಗಿಂತ ಜಾಸ್ತಿ ತಗೋಬಾರದು ಅಂತ ಅವರೂ ಒಪ್ಪಿದ್ರು ಅಂತ ಫರ್ಗುಸನ್ ಆಮೇಲೆ ಹೇಳಿಕೊಂಡಿದ್ದಾರೆ. ದುಡ್ಡಿನ ಆಸೆಯ ವಿಷಯ ಅಲ್ಲ ಇದು. ಡ್ರೆಸಿಂಗ್ ರೂಮ್‌ನಲ್ಲಿ ಕೂತಿರೋ 25 ಜನಕ್ಕೂ ಅವರವರ ಏಜೆಂಟ್‌ಗಳಿಗೂ ಕ್ಲಬ್ ಕೊಟ್ಟ ಸಂದೇಶ ಅದು.

2013ರಲ್ಲಿ ಫರ್ಗುಸನ್ ಜೊತೆಗೇ ಸಿಇಒ ಡೇವಿಡ್ ಗಿಲ್ ಕೂಡ ಹೋದ್ರು. ಇದನ್ನ ಜನ ಬೇಗ ಮರೆತುಬಿಡ್ತಾರೆ, ನನ್ನ ಪ್ರಕಾರ ಆ ವರ್ಷದ ನಷ್ಟದಲ್ಲಿ ಅರ್ಧ ಪಾಲು ಇದೇ. ಆಮೇಲೆ ಬಂದ ಎಡ್ ವುಡ್‌ವರ್ಡ್ ಬ್ಯಾಂಕಿಂಗ್ ಕಡೆಯಿಂದ ಬಂದವರು, ಸ್ಪಾನ್ಸರ್‌ಗಳನ್ನ ತರೋದ್ರಲ್ಲಿ ಚುರುಕು, ಫುಟ್‌ಬಾಲ್ ನಿರ್ಧಾರಗಳನ್ನ ತಗೊಂಡು ಅನುಭವ ಇಲ್ಲ. ಡೇವಿಡ್ ಮೋಯ್ಸ್‌ಗೆ ಆರು ವರ್ಷದ ಕಾಂಟ್ರಾಕ್ಟ್ ಕೊಟ್ಟು ಹತ್ತು ತಿಂಗಳಿಗೇ, 2014ರ ಏಪ್ರಿಲ್‌ನಲ್ಲಿ ತೆಗೆದ್ರು. ಆ ದಿನದಿಂದ ಯುನೈಟೆಡ್ ಡ್ರೆಸಿಂಗ್ ರೂಮ್‌ನಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಒಂದು ವಿಷಯ ಗೊತ್ತು, ಮ್ಯಾನೇಜರ್ ಕಾಂಟ್ರಾಕ್ಟ್‌ನಲ್ಲಿ ಎಷ್ಟು ವರ್ಷ ಬರೆದಿದ್ರೂ ಅದಕ್ಕೆ ಅರ್ಥ ಇಲ್ಲ. ನಮ್ಮ ಕಾಂಟ್ರಾಕ್ಟ್‌ಗೆ ಇದೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು, ಯಾಕಂದ್ರೆ ಇದು ಅರ್ಥ ಆಗದೆ ಉಳಿದಿದ್ದೆಲ್ಲ ಬರೀ ಗಾಸಿಪ್ ಆಗುತ್ತೆ. ಒಬ್ಬ ಆಟಗಾರನನ್ನ ಕೊಂಡಾಗ ಕ್ಲಬ್ ಅವನ ಬೆಲೆಯನ್ನ ಅಕೌಂಟ್ಸ್‌ನಲ್ಲಿ ಕಾಂಟ್ರಾಕ್ಟ್ ವರ್ಷಗಳಿಗೆ ಹಂಚುತ್ತೆ. ಪಾಲ್ ಪೊಗ್ಬಾನ 2016ರಲ್ಲಿ ಯುವೆಂಟಸ್‌ನಿಂದ 89 ಮಿಲಿಯನ್ ಪೌಂಡ್ ಕೊಟ್ಟು ತಂದ್ರು, ಆಗ ಅದು ವಿಶ್ವ ದಾಖಲೆ. ಐದು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ ಸುಮಾರು 18 ಮಿಲಿಯನ್. ಎರಡು ವರ್ಷ ಕಳೆದ್ಮೇಲೂ ಪುಸ್ತಕದಲ್ಲಿ 53 ಮಿಲಿಯನ್ ಆಸುಪಾಸು ಬಾಕಿ ಇರುತ್ತೆ, ಅದಕ್ಕಿಂತ ಕಮ್ಮಿಗೆ ಮಾರಿದ್ರೆ ಆ ವರ್ಷದ ಲೆಕ್ಕದಲ್ಲಿ ನಷ್ಟ ತೋರಿಸಬೇಕು. ಆಗಿನ ಪ್ರೀಮಿಯರ್ ಲೀಗ್ ನಿಯಮದ ಪ್ರಕಾರ ಮೂರು ವರ್ಷಕ್ಕೆ ಸೇರಿ 105 ಮಿಲಿಯನ್‌ಗಿಂತ ಹೆಚ್ಚು ನಷ್ಟ ತೋರಿಸೋ ಹಾಗಿರ್ಲಿಲ್ಲ, ಅದಕ್ಕೆ ಕ್ಲಬ್‌ಗಳು ಇಂಥ ನಷ್ಟಕ್ಕೆ ಹೆದರ್ತಿದ್ವು. ಇನ್ನೊಂದು ಕಡೆ ಮೊರಿನ್ಯೋನ ಅವರ ಸ್ಟಾಫ್ ಸಮೇತ ಕಳಿಸೋಕೆ ಆದ ಖರ್ಚು 19.6 ಮಿಲಿಯನ್. ಈಗ ಹೇಳಿ, ಇಬ್ಬರ ನಡುವೆ ಮಾತು ನಿಂತುಹೋದಾಗ ದುಡ್ಡಿನ ಭಾಷೆ ಮಾತ್ರ ಗೊತ್ತಿರೋ ಬೋರ್ಡ್ ಯಾರನ್ನ ಕಳಿಸುತ್ತೆ?

2018ರಲ್ಲಿ ನಡೆದಿದ್ದು ಅದೇ. ಸೆಪ್ಟೆಂಬರ್‌ನಲ್ಲಿ ಮೊರಿನ್ಯೋ ಪೊಗ್ಬಾನ ವೈಸ್ ಕ್ಯಾಪ್ಟನ್ಸಿ ಕಿತ್ಕೊಂಡ್ರು, ಮಾರನೇ ದಿನವೇ ಕ್ಯಾರಿಂಗ್ಟನ್ ಟ್ರೇನಿಂಗ್ ಗ್ರೌಂಡ್‌ನಲ್ಲಿ ಇಬ್ಬರೂ ಮುಖ ಗಂಟಿಕ್ಕಿಕೊಂಡು ಮಾತಾಡ್ತಿರೋ ವಿಡಿಯೊ ಪ್ರಪಂಚಕ್ಕೆಲ್ಲ ಹರಡಿತು, ಡಿಸೆಂಬರ್‌ನಲ್ಲಿ ಲಿವರ್‌ಪೂಲ್ ಎದುರು 3-1 ಸೋತು 19 ಪಾಯಿಂಟ್ ಹಿಂದೆ ಬಿದ್ದಾಗ ಮೊರಿನ್ಯೋ ಔಟ್. ಆ ಬೇಸಿಗೆಯಲ್ಲಿ ಅವರು ಸೆಂಟರ್ ಬ್ಯಾಕ್ (ಮಧ್ಯದ ಡಿಫೆಂಡರ್) ಬೇಕು ಅಂತ ಗೋಗರೆದಿದ್ರು, ಹ್ಯಾರಿ ಮಗ್ವೈರ್ ಹೆಸರೂ ಓಡಾಡಿತ್ತು, ಬೋರ್ಡ್ ಬೇಡ ಅಂತು, ಒಂದು ವರ್ಷ ಬಿಟ್ಟು ಅದೇ ಮಗ್ವೈರ್‌ನ 80 ಮಿಲಿಯನ್ ಕೊಟ್ಟು ಮುಂದಿನ ಮ್ಯಾನೇಜರ್ ಸೋಲ್‌ಶಾಯರ್‌ಗೆ ತಂದುಕೊಟ್ರು. ಮೊರಿನ್ಯೋ ಸುಲಭದ ಮನುಷ್ಯ ಅಲ್ಲ, ಚೆಲ್ಸಿಯಲ್ಲೂ 2015ರ ಡಿಸೆಂಬರ್‌ನಲ್ಲಿ ಇದೇ ಥರ ಆಟಗಾರರ ಜೊತೆ ಕೆಟ್ಟು ಹೊರಗೆ ಬಂದಿದ್ರು, ಲೀಗ್ ಗೆದ್ದ ಟೀಮ್ ಏಳು ತಿಂಗಳಲ್ಲಿ 16ನೇ ಜಾಗಕ್ಕೆ ಇಳಿದಿತ್ತು. ಅದೆಲ್ಲ ಸರಿ, ಆದ್ರೆ ಪೊಗ್ಬಾನ ಉಳಿಸಿಕೊಂಡ ಯುನೈಟೆಡ್‌ಗೆ ಸಿಕ್ಕಿದ್ದೇನು? 2022ರಲ್ಲಿ ಕಾಂಟ್ರಾಕ್ಟ್ ಮುಗಿಸಿ ಅವನು ಫ್ರೀಯಾಗಿ ವಾಪಸ್ ಯುವೆಂಟಸ್‌ಗೇ ಹೋದ. ಯಾವ ಆಸ್ತಿ ಕಾಪಾಡೋಕೆ ಮ್ಯಾನೇಜರ್‌ನ ಬಲಿ ಕೊಟ್ರೋ ಆ ಆಸ್ತಿಗೆ ಕೊನೆಗೆ ಒಂದು ಪೌಂಡೂ ಹುಟ್ಟಲಿಲ್ಲ.

ಟೆನ್ ಹಾಗ್ ವಿಷಯ ಇನ್ನೂ ಚೆನ್ನಾಗಿ ತೋರಿಸುತ್ತೆ. 2022ರ ಅಕ್ಟೋಬರ್‌ನಲ್ಲಿ ಟಾಟನ್‌ಹ್ಯಾಮ್ ಮ್ಯಾಚ್‌ನಲ್ಲಿ ರೊನಾಲ್ಡೊ ಸಬ್ (ಬದಲಿ ಆಟಗಾರ) ಆಗಿ ಇಳಿಯಲ್ಲ ಅಂತ ಎದ್ದು ಹೋದ, ಮುಂದಿನ ಮ್ಯಾಚ್‌ಗೆ ಟೆನ್ ಹಾಗ್ ಅವನನ್ನ ಕೈಬಿಟ್ರು, ನವೆಂಬರ್‌ನಲ್ಲಿ ಅವನು ಟಿವಿಯಲ್ಲಿ ಕೂತು ನನಗೆ ಇವರ ಮೇಲೆ ಗೌರವ ಇಲ್ಲ ಅಂದ, ಅದೇ ತಿಂಗಳು ಕಾಂಟ್ರಾಕ್ಟ್ ರದ್ದಾಯ್ತು. ಎಲ್ಲರೂ ಆಹಾ, ಶಿಸ್ತು ವಾಪಸ್ ಬಂತು ಅಂದ್ರು. ಡಿಸೆಂಬರ್ 31ಕ್ಕೆ ಮೀಟಿಂಗ್‌ಗೆ ಲೇಟಾಗಿ ಬಂದ ಅಂತ ರ‍್ಯಾಶ್‌ಫರ್ಡ್‌ನ ವುಲ್ವ್ಸ್ ಎದುರು ಬೆಂಚ್ ಮೇಲೆ ಕೂರಿಸಿದ್ರು, ಅವನು ಸಬ್ ಆಗಿ ಬಂದು ಗೆಲುವಿನ ಗೋಲ್ ಹೊಡೆದ, ಆ ಸೀಸನ್ ಒಟ್ಟು 30 ಗೋಲ್ ಬಾರಿಸಿದ, ಟೀಮ್ ಮೂರನೇ ಸ್ಥಾನ, ಜೊತೆಗೆ ಲೀಗ್ ಕಪ್. ಆದ್ರೆ ರೊನಾಲ್ಡೊ ಕೇಸ್ ಸುಲಭದ್ದಾಗಿತ್ತು, 37 ವಯಸ್ಸು, ಕಾಂಟ್ರಾಕ್ಟ್‌ನಲ್ಲಿ ಏಳೆಂಟು ತಿಂಗಳು ಬಾಕಿ, ಮಾರಿದ್ರೂ ದುಡ್ಡು ಬರಲ್ಲ, ಅವನು ಹೋದ್ರೆ ಕ್ಲಬ್‌ಗೆ ಸಂಬಳ ಉಳಿಯುತ್ತೆ. ಬೋರ್ಡ್‌ಗೆ ಅಲ್ಲಿ ಕಷ್ಟದ ಆಯ್ಕೆನೇ ಇರ್ಲಿಲ್ಲ.

ನಿಜವಾದ ಪರೀಕ್ಷೆ ಆಗಿದ್ದು ಜೇಡನ್ ಸ್ಯಾಂಚೊ ವಿಷಯದಲ್ಲಿ. 2021ರಲ್ಲಿ 73 ಮಿಲಿಯನ್ ಕೊಟ್ಟು ಕೊಂಡ ಹುಡುಗ. 2023ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಮ್ಯಾಚ್‌ಗೆ ಅವನನ್ನ ಯಾಕೆ ತಗೊಂಡಿಲ್ಲ ಅಂತ ಕೇಳಿದ್ದಕ್ಕೆ ಟೆನ್ ಹಾಗ್, ಟ್ರೇನಿಂಗ್‌ನಲ್ಲಿ ಅವನ ಮಟ್ಟ ಸಾಲ್ತಿಲ್ಲ ಅಂದ್ರು. ಅವತ್ತು ರಾತ್ರಿನೇ ಸ್ಯಾಂಚೊ, ಇದು ಸುಳ್ಳು, ನನ್ನನ್ನ ಬಹಳ ದಿನದಿಂದ ಬಲಿಪಶು ಮಾಡಿದ್ದಾರೆ ಅಂತ ಪೋಸ್ಟ್ ಹಾಕಿದ. ಕ್ಷಮೆ ಕೇಳೋವರೆಗೆ ಫಸ್ಟ್ ಟೀಮ್ ಜೊತೆ ಇಲ್ಲ ಅಂತ ದೂರ ಇಟ್ರು, ಅವನು ಕೇಳ್ಲಿಲ್ಲ, ಜನವರಿಯಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ಗೆ ಲೋನ್ ಮೇಲೆ, ಅಂದ್ರೆ ಸ್ವಲ್ಪ ಕಾಲಕ್ಕೆ ಎರವಲಾಗಿ ಹೋದ, ಜೂನ್ 1ಕ್ಕೆ ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡ್ತಿದ್ದ, ಯುನೈಟೆಡ್ ಮಾತ್ರ ಲೀಗ್‌ನಲ್ಲಿ ಎಂಟನೇ ಸ್ಥಾನಕ್ಕೆ ಬಿದ್ದಿತ್ತು. ಮುಂದಿನ ವರ್ಷ ಚೆಲ್ಸಿಗೆ ಲೋನ್, ಕೊಳ್ಳಲೇಬೇಕು ಅನ್ನೋ ಷರತ್ತಿದ್ರೂ ಚೆಲ್ಸಿ 5 ಮಿಲಿಯನ್ ದಂಡ ಕೊಟ್ಟು ವಾಪಸ್ ಕಳಿಸ್ತು. ಅದಾದ್ಮೇಲೆ ಆಸ್ಟನ್ ವಿಲ್ಲಾಗೆ ಲೋನ್. ಇಲ್ಲಿ ಗೆದ್ದಿದ್ದು ಯಾರು? ಟೆನ್ ಹಾಗ್ 2024ರ ಅಕ್ಟೋಬರ್‌ನಲ್ಲಿ ಹೋದ್ರು, ಅದೂ ಜುಲೈನಲ್ಲಿ ಕಾಂಟ್ರಾಕ್ಟ್ ವಿಸ್ತರಿಸಿ ಅಕ್ಟೋಬರ್‌ನಲ್ಲಿ ತೆಗೆದು, ಪರಿಹಾರಕ್ಕೆ 10.4 ಮಿಲಿಯನ್ ಸುರಿದು. ಅದೇ ವರ್ಷ ಖರ್ಚು ಉಳಿಸಬೇಕು ಅಂತ ಕ್ಲಬ್ 250 ಜನ ಸಿಬ್ಬಂದಿಯನ್ನ ಮನೆಗೆ ಕಳಿಸ್ತು. ವರ್ಷಗಟ್ಟಲೆ ಟಿಕೆಟ್ ಕೌಂಟರ್‌ನಲ್ಲೋ ಆಫೀಸ್‌ನಲ್ಲೋ ದುಡಿದವರು ಈ ಎಡವಟ್ಟಿಗೆ ಬೆಲೆ ತೆರಬೇಕಾಯ್ತು ಅನ್ನೋದು ನನಗೆ ಇವತ್ತಿಗೂ ನುಂಗೋಕೆ ಆಗದ ವಿಷಯ.

ಅಮೊರಿಮ್ ಬಂದು ಒಂದು ತಿಂಗಳಿಗೇ, 2024ರ ಡಿಸೆಂಬರ್ 15ಕ್ಕೆ, ಮ್ಯಾಂಚೆಸ್ಟರ್ ಡರ್ಬಿಗೆ ರ‍್ಯಾಶ್‌ಫರ್ಡ್ ಮತ್ತು ಗರ್ನಾಚೊ ಇಬ್ಬರನ್ನೂ ಟೀಮ್‌ನಿಂದ ಬಿಟ್ರು, ಆದ್ರೂ ಸಿಟಿ ಎದುರು 2-1 ಗೆದ್ರು. ಜನವರಿಯಲ್ಲಿ, ದಿನಾ ನೂರಕ್ಕೆ ನೂರು ಕೊಡದೇ ಇರೋನಿಗಿಂತ ನಮ್ಮ 63 ವರ್ಷದ ಗೋಲ್‌ಕೀಪಿಂಗ್ ಕೋಚ್‌ನ ಬೆಂಚ್ ಮೇಲೆ ಕೂರಿಸ್ತೀನಿ ಅಂದ್ರು, ರ‍್ಯಾಶ್‌ಫರ್ಡ್ ಬಗ್ಗೆನೇ ಹೇಳಿದ ಮಾತು ಅದು. ರ‍್ಯಾಶ್‌ಫರ್ಡ್ ವಿಲ್ಲಾಗೆ ಲೋನ್ ಹೋದ, ಆಮೇಲೆ ಬಾರ್ಸಿಲೋನಾಗೆ. ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲ್ ಟಾಟನ್‌ಹ್ಯಾಮ್‌ಗೆ 1-0 ಸೋತಾಗ ತನ್ನನ್ನ ಮೊದಲಿಂದ ಆಡಿಸಲಿಲ್ಲ ಅಂತ ಅಸಮಾಧಾನ ತೋರಿಸಿದ ಗರ್ನಾಚೊಗೆ ಬೇರೆ ಕ್ಲಬ್ ನೋಡ್ಕೊ ಅಂದ್ರು, 40 ಮಿಲಿಯನ್‌ಗೆ ಚೆಲ್ಸಿಗೆ ಹೋದ. ಆಂಟನಿ ಸ್ಪೇನ್‌ನ ಬೆಟಿಸ್‌ಗೆ ಹೋದ. 2025ರ ಬೇಸಿಗೆಯಲ್ಲಿ ರ‍್ಯಾಶ್‌ಫರ್ಡ್, ಗರ್ನಾಚೊ, ಸ್ಯಾಂಚೊ, ಆಂಟನಿ, ಮಲಾಸಿಯಾ ಐದೂ ಜನರನ್ನ ಟೀಮ್‌ನಿಂದ ಪಕ್ಕಕ್ಕಿಟ್ಟಿದ್ರು.

ಅಂದ್ರೆ ಆಟಗಾರರ ಜೊತೆ ಮಾಡಿದ ಪ್ರತಿ ಜಗಳವನ್ನೂ ಅಮೊರಿಮ್ ಗೆದ್ರು. ಒಂದೂ ಸೋಲಲಿಲ್ಲ. ಆದ್ರೂ ಕೆಲಸ ಕಳ್ಕೊಂಡ್ರು. ಪ್ಲೇಯರ್ ಪವರ್ ಅನ್ನೋ ಒಂದೇ ಮಾತಿನಲ್ಲಿ ಯುನೈಟೆಡ್ ಕಥೆ ಮುಗಿಸೋರು ಇದಕ್ಕೆ ಉತ್ತರ ಹೇಳಬೇಕು. ಅವರು ಎಡವಿದ್ದು ಕೆಳಗಿನವರ ಜೊತೆ ಅಲ್ಲ, ಮೇಲಿನವರ ಜೊತೆ. ಜಿಮ್ ರ‍್ಯಾಟ್‌ಕ್ಲಿಫ್ 2024ರ ಫೆಬ್ರವರಿಯಲ್ಲಿ ಕ್ಲಬ್‌ನ ಪಾಲು ಕೊಂಡು ಫುಟ್‌ಬಾಲ್ ಜವಾಬ್ದಾರಿ ವಹಿಸಿಕೊಂಡ ಮೇಲೆ ಸಿಇಒ ಒಮರ್ ಬೆರಾಡ, ಫುಟ್‌ಬಾಲ್ ಡೈರೆಕ್ಟರ್ ಜೇಸನ್ ವಿಲ್‌ಕಾಕ್ಸ್ ಅಂತ ಹೊಸ ವ್ಯವಸ್ಥೆ ಬಂತು, ಸ್ಪೋರ್ಟಿಂಗ್ ಡೈರೆಕ್ಟರ್ ಆಗಿ ಬಂದ ಡ್ಯಾನ್ ಆಶ್‌ವರ್ತ್ ಐದೇ ತಿಂಗಳಿಗೆ ಹೋದ್ರು. ಅಮೊರಿಮ್ ಮೂರು ಡಿಫೆಂಡರ್‌ಗಳ ಫಾರ್ಮೇಷನ್ ಬಿಡಲ್ಲ ಅನ್ನೋದು ಅವರನ್ನ ಕರೆತರೋ ಮೊದಲೇ ಇಡೀ ಯುರೋಪ್‌ಗೆ ಗೊತ್ತಿತ್ತು, ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನಲ್ಲಿ ಅದರಲ್ಲೇ ಅವರು ಲೀಗ್ ಗೆದ್ದಿದ್ದು. ಗೊತ್ತಿದ್ದೂ 11 ಮಿಲಿಯನ್ ಯೂರೋ ಕೊಟ್ಟು ಕರ್ಕೊಂಡು ಬಂದು, ಆಮೇಲೆ ಅದೇ ಫಾರ್ಮೇಷನ್ ಬಗ್ಗೆ ಮೇಲಿನಿಂದ ತಕರಾರು ತೆಗೆಯೋದು ಅಂದ್ರೆ ಏನರ್ಥ? ಅಮೊರಿಮ್ ಹಠಮಾರಿ, ಅದರಲ್ಲಿ ಎರಡು ಮಾತಿಲ್ಲ, ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ ಎದುರು ಪೆನಾಲ್ಟಿಯಲ್ಲಿ 12-11ಕ್ಕೆ ಸೋತ ರಾತ್ರಿಯ ನಂತರವೂ ಒಂದಿಷ್ಟೂ ಬದಲಾಗಲಿಲ್ಲ. ಆದ್ರೆ ಹಠಮಾರಿನ ಹುಡುಕಿ ತಂದವರು ಯಾರು?

ಹಾಗಾದ್ರೆ ಆಟಗಾರರು ಬೇಕಂತ ಕೈಚೆಲ್ಲಿದ್ರಾ ಅನ್ನೋ ಪ್ರಶ್ನೆಗೆ ಬರೋಣ. 2026ರ ಜನವರಿಯಲ್ಲಿ ಕ್ಲಬ್‌ನ ಹಳೆ ಆಟಗಾರ ಮೈಕಲ್ ಕ್ಯಾರಿಕ್‌ಗೆ ಸೀಸನ್ ಮುಗಿಯೋವರೆಗೆ ಅಂತ ಜವಾಬ್ದಾರಿ ಕೊಟ್ರು, ಮೊದಲ ಮ್ಯಾಚ್‌ನಲ್ಲೇ ಸಿಟಿ ಎದುರು 2-0, ಮುಂದೆ ಆರ್ಸೆನಲ್ ಅವರ ಮನೆಯಲ್ಲೇ 3-2 ಗೆಲುವು. ನೋಡಿ, ಇಷ್ಟು ದಿನ ನಾಟಕ ಆಡ್ತಿದ್ರು ಅಂತ ಎಷ್ಟೋ ಜನ ಬರೆದ್ರು. ನನಗೆ ಹಾಗನಿಸಲ್ಲ. ಕ್ಯಾರಿಕ್ ನಾಲ್ಕು ಡಿಫೆಂಡರ್‌ಗಳಿಗೆ ವಾಪಸ್ ಬಂದ್ರು, ಬ್ರೂನೊ ಫರ್ನಾಂಡಿಸ್‌ನ ಗೋಲ್ ಹತ್ತಿರಕ್ಕೆ ಕಳಿಸಿದ್ರು, ಆ ಸೀಸನ್‌ನಲ್ಲಿ ಅಮೊರಿಮ್ ಕೈಯಲ್ಲಿ ಲೀಗ್‌ನಲ್ಲಿ ಒಂದು ಸಲವೂ ಸ್ಟಾರ್ಟ್ ಮಾಡದ ಕೋಬಿ ಮೈನೂನ ಮಿಡ್‌ಫೀಲ್ಡ್‌ಗೆ ಹಾಕಿದ್ರು. ಅದೇ ಹುಡುಗರಿಗೆ ಹೊಂದೋ ಕೆಲಸ ಕೊಟ್ರೆ ಅವರು ಬೇರೆಯವರ ಥರ ಕಾಣೋದು ಸಹಜ. ಮೈನೂ ವಿಷಯದಲ್ಲಿ ಒಂದು ಹೇಳಬೇಕು, 2025ರ ಡಿಸೆಂಬರ್‌ನಲ್ಲಿ ಬೋರ್ನ್‌ಮತ್ ಮ್ಯಾಚ್‌ಗೆ ಅವನ ಮನೆಯವರೊಬ್ಬರು ಮೈನೂನ ಬಿಡುಗಡೆ ಮಾಡಿ ಅಂತ ಬರೆದ ಟಿ-ಶರ್ಟ್ ಹಾಕ್ಕೊಂಡು ಬಂದಿದ್ರು, ದೊಡ್ಡ ಗಲಾಟೆ ಆಯ್ತು, ಆದ್ರೆ ಹುಡುಗ ಮಾತ್ರ ತುಟಿ ಬಿಚ್ಚಲಿಲ್ಲ, ಟ್ರೇನಿಂಗ್ ತಪ್ಪಿಸಲಿಲ್ಲ, ಕಾದ. ಪವರ್ ಇರೋ ಆಟಗಾರ ಹಾಗೆ ಕಾಯ್ತಾನಾ?

ಇದನ್ನ ಬೇರೆ ಥರ ಮಾಡಬಹುದು ಅನ್ನೋದಕ್ಕೆ ಆರ್ಸೆನಲ್ ಇದೆ. ಯುನೈಟೆಡ್ ಫ್ಯಾನ್ ಆಗಿ ಬರೆಯೋಕೆ ಕಷ್ಟ ಆದ್ರೂ ಹೇಳಲೇಬೇಕು. ಮಿಕೆಲ್ ಆರ್ಟೆಟಾ 2019ರ ಡಿಸೆಂಬರ್‌ನಲ್ಲಿ ಬಂದಾಗ ಅವರೂ ಹೆಡ್ ಕೋಚ್, 2020ರ ಸೆಪ್ಟೆಂಬರ್‌ನಲ್ಲಿ ಕ್ಲಬ್ ತಾನಾಗೇ ಆ ಹುದ್ದೆಯನ್ನ ಮ್ಯಾನೇಜರ್ ಅಂತ ಬದಲಾಯಿಸಿತು. ಎರಡು ಸೀಸನ್ ಸತತ ಎಂಟನೇ ಸ್ಥಾನ. ಸ್ಟಾರ್ ಆಟಗಾರ ಓಜಿಲ್‌ನ ಲೀಗ್ ಸ್ಕ್ವಾಡ್‌ನಿಂದಲೇ ಬಿಟ್ರು, 2021ರ ಜನವರಿಯಲ್ಲಿ ಅವನು ಟರ್ಕಿಗೆ ಹೋದ. ಅದೇ ವರ್ಷ ಆಗಸ್ಟ್‌ನಲ್ಲಿ ಮೊದಲ ಮೂರೂ ಮ್ಯಾಚ್ ಒಂದೂ ಗೋಲಿಲ್ಲದೆ ಸೋತು ಟೇಬಲ್‌ನ ತಳದಲ್ಲಿದ್ರು, ಡಿಸೆಂಬರ್‌ನಲ್ಲಿ ಅಂಥ ಸ್ಥಿತಿಯಿಂದ ಈಗಷ್ಟೇ ಎದ್ದಿದ್ದ ಮ್ಯಾನೇಜರ್ ಕ್ಯಾಪ್ಟನ್ ಒಬಮೆಯಾಂಗ್‌ನ ಶಿಸ್ತು ತಪ್ಪಿದ ಅಂತ ಕ್ಯಾಪ್ಟನ್ಸಿಯಿಂದ ಇಳಿಸಿದ್ರು. ಅವನ ಕಾಂಟ್ರಾಕ್ಟ್‌ನಲ್ಲಿ ಇನ್ನೂ ಒಂದೂವರೆ ವರ್ಷ ಇತ್ತು, ಕ್ಲಬ್‌ನಲ್ಲೇ ದೊಡ್ಡ ಸಂಬಳ, ಆದ್ರೂ ಆರ್ಸೆನಲ್ ಆ ನಷ್ಟ ನುಂಗಿಕೊಂಡು ಅವನನ್ನ ಪುಕ್ಕಟೆ ಬಾರ್ಸಿಲೋನಾಗೆ ಬಿಟ್ಟುಕೊಡ್ತು. 2023, 2024, 2025 ಮೂರೂ ವರ್ಷ ಎರಡನೇ ಸ್ಥಾನ. ಆರ್ಟೆಟಾ ಟೆನ್ ಹಾಗ್‌ಗಿಂತ ಕಠಿಣ ಮನುಷ್ಯ ಏನಲ್ಲ, ಆ ಒಂದು ನಷ್ಟ ಹೊರೋಕೆ ಅವರ ಹಿಂದೆ ಇದ್ದವರು ತಯಾರಿದ್ರು, ಅಷ್ಟೇ ವ್ಯತ್ಯಾಸ.

ಯುನೈಟೆಡ್ ಒಂದಕ್ಕೇ ಬಂದ ರೋಗ ಅಲ್ಲ ಇದು. ಬಾಜಿ ಕಟ್ಟುವವರ ಲೆಕ್ಕದಲ್ಲಿ 5000ಕ್ಕೆ ಒಂದು ಅಂತಿದ್ದ ಲೀಗನ್ನ ಲೆಸ್ಟರ್‌ಗೆ ಗೆದ್ದುಕೊಟ್ಟ ಮ್ಯಾನೇಜರ್ ರನಿಯೇರಿನ ಒಂಬತ್ತು ತಿಂಗಳಿಗೇ, 2017ರ ಫೆಬ್ರವರಿಯಲ್ಲಿ ತೆಗೆದ್ರು. ಸ್ಟ್ರೈಕರ್ ಐಸಾಕ್ 2025ರ ಬೇಸಿಗೆಯಲ್ಲಿ ಆಡಲ್ಲ ಅಂತ ಕೂತು 125 ಮಿಲಿಯನ್‌ಗೆ ನ್ಯೂಕಾಸಲ್‌ನಿಂದ ಲಿವರ್‌ಪೂಲ್‌ಗೆ ಹೋದ. ರಿಯಲ್ ಮ್ಯಾಡ್ರಿಡ್‌ನಲ್ಲಿ ಬಾರ್ಸಿಲೋನಾ ಎದುರಿನ ಅಕ್ಟೋಬರ್‌ನ ಕ್ಲಾಸಿಕೊದಲ್ಲಿ ಸಬ್ ಮಾಡಿದ್ದಕ್ಕೆ ವಿನಿಸಿಯಸ್ ಕೂಗಾಡಿಕೊಂಡು ಸುರಂಗದೊಳಗೆ ಹೋದ, ಜನವರಿ ಹೊತ್ತಿಗೆ ಕೋಚ್ ಶಾಬಿ ಅಲೊನ್ಸೊ ಕೆಲಸದಲ್ಲಿರಲಿಲ್ಲ. ನಮಗೆ ಕ್ರಿಕೆಟ್‌ನಲ್ಲೂ ಇದರ ನೋವು ಗೊತ್ತು, 2017ರ ಜೂನ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆ ಭಾರತ ತಂಡದ ಕೋಚ್ ಹುದ್ದೆ ಬಿಟ್ಟಾಗ, ಕ್ಯಾಪ್ಟನ್‌ಗೆ ನನ್ನ ಶೈಲಿ ಬಗ್ಗೆ ಆಕ್ಷೇಪ ಇದೆ ಅಂತ ಬೋರ್ಡ್ ಮೊದಲ ಸಲ ಈಗ ತಿಳಿಸಿತು ಅಂತ ಬರೆದಿದ್ರು. ಒಂದು ವರ್ಷ ಕೆಲಸ ಮಾಡಿದ ಕೋಚ್‌ಗೆ ಆ ಮಾತು ಕೊನೆಗೆ ತಲುಪಿದ್ದು, ಅದೂ ಬೋರ್ಡ್ ಮೂಲಕ.

ಆಟಗಾರರ ಪರವಾಗಿಯೂ ಮಾತಾಡಬೇಕು, ಯಾಕಂದ್ರೆ ಅವರ ಸಂಬಳ ನೋಡಿ ಉರ್ಕೊಳ್ಳೋದು ಸುಲಭ. 1995ರ ಬಾಸ್‌ಮನ್ ತೀರ್ಪಿಗೆ ಮೊದಲು ಕಾಂಟ್ರಾಕ್ಟ್ ಮುಗಿದ್ರೂ ಕ್ಲಬ್ ದುಡ್ಡಿಲ್ಲದೆ ಬಿಡ್ತಿರಲಿಲ್ಲ, ಆಟಗಾರ ಅವರ ಸ್ವತ್ತಿನ ಥರ ಬಿದ್ದಿರಬೇಕಿತ್ತು. ಈಗ ಅವರಿಗಿರೋ ಬಲ ಕಾನೂನು ಕೊಟ್ಟಿದ್ದು, ನ್ಯಾಯವಾದದ್ದು. ರ‍್ಯಾಶ್‌ಫರ್ಡ್ ಏಳನೇ ವಯಸ್ಸಿಗೆ ಈ ಕ್ಲಬ್‌ಗೆ ಬಂದವನು, 2023ರಲ್ಲಿ 2028ರವರೆಗಿನ ಕಾಂಟ್ರಾಕ್ಟ್‌ನ ಮುಂದೆ ಇಟ್ಟಿದ್ದು ಕ್ಲಬ್, ಸಹಿ ಹಾಕಿದ್ದು ಅವನ ತಪ್ಪಲ್ಲ. ಅಕಾಡೆಮಿಯಿಂದ ಬಂದವರನ್ನ ಮಾರಿದ್ರೆ ಬಂದ ದುಡ್ಡೆಲ್ಲ ಲೆಕ್ಕದಲ್ಲಿ ಪೂರ್ತಿ ಲಾಭ, ಅದಕ್ಕೇ ಮ್ಯಾಕ್‌ಟಾಮಿನೆ 2024ರಲ್ಲಿ ನಾಪೋಲಿಗೆ ಹೋಗಿದ್ದು, ಅಲ್ಲಿ ಮೊದಲ ಸೀಸನ್‌ನಲ್ಲೇ ಲೀಗ್ ಗೆದ್ದು ಸೀರಿ ಎ (ಇಟಲಿಯ ಲೀಗ್) ಬೆಸ್ಟ್ ಪ್ಲೇಯರ್ ಆಗಿದ್ದು. ಹೀಗೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಾಗಿ ತನ್ನನ್ನ ನೋಡ್ತಾರೆ ಅಂತ ಗೊತ್ತಿರೋ ಆಟಗಾರ ತನ್ನ ಬೆಲೆ ತಾನೇ ನೋಡ್ಕೊಳ್ತಾನೆ, ಅದನ್ನ ಅಹಂಕಾರ ಅಂತ ಕರೆಯೋದು ನನಗೆ ಸರಿ ಅನಿಸಲ್ಲ.

ಬ್ರೂನೊ ಫರ್ನಾಂಡಿಸ್ ವಿಷಯ ಇದಕ್ಕಿಂತ ಗಂಭೀರ. 2025ರ ಬೇಸಿಗೆಯಲ್ಲಿ ಸೌದಿಯ ಅಲ್ ಹಿಲಾಲ್ ಕರೆದಾಗ ಇಲ್ಲೇ ಇರ್ತೀನಿ ಅಂದ ಕ್ಯಾಪ್ಟನ್ ಅವನು. ಡಿಸೆಂಬರ್‌ನಲ್ಲಿ ಪೋರ್ಚುಗಲ್ ಟಿವಿಗೆ ಅವನು ಹೇಳಿದ್ದು, ಕ್ಲಬ್‌ಗೆ ನಾನು ಹೋಗಬೇಕು ಅಂತಲೇ ಇತ್ತು, ಆದ್ರೆ ಮ್ಯಾನೇಜರ್‌ಗೆ ನಾನು ಬೇಕಿತ್ತು, ಅದಕ್ಕೆ ಆ ನಿರ್ಧಾರ ತಗೊಳ್ಳೋ ಧೈರ್ಯ ಅವರಿಗೆ ಬರ್ಲಿಲ್ಲ ಅಂತ. ಮೂರೇ ವಾರದಲ್ಲಿ ಆ ಮ್ಯಾನೇಜರ್‌ನೂ ತೆಗೆದ್ರು. ಕ್ಯಾಪ್ಟನ್‌ಗೇ ತನ್ನನ್ನ ಯಾರು ಇಟ್ಕೊಂಡಿದ್ದಾರೆ, ಯಾರು ಕಳಿಸೋಕೆ ನೋಡ್ತಿದ್ದಾರೆ ಅಂತ ಊಹಿಸಬೇಕಾದ ಸ್ಥಿತಿ ಇರುವಾಗ ಮುಂದೆ ಓಲ್ಡ್ ಟ್ರಾಫರ್ಡ್‌ಗೆ ಬರೋ ಯಾವ ಮ್ಯಾನೇಜರ್ ಆದ್ರೂ ಟ್ರಾನ್ಸ್‌ಫರ್ ಬಜೆಟ್ ಎಷ್ಟು ಅಂತ ಕೇಳೋಕೆ ಮುಂಚೆ, ನಿಮ್ಮ ಅತಿ ದೊಡ್ಡ ಸಂಬಳದ ಆಟಗಾರನಿಗೂ ನನಗೂ ಬಿದ್ದುಹೋದ್ರೆ ಯಾರು ಹೋಗ್ತಾರೆ ಅಂತ ಕೇಳಿ, ಬೆರಾಡ, ವಿಲ್‌ಕಾಕ್ಸ್, ರ‍್ಯಾಟ್‌ಕ್ಲಿಫ್ ಮೂವರಿಂದಲೂ ಉತ್ತರ ತಗೊಂಡೇ ಸಹಿ ಹಾಕ್ಬೇಕು.